ಗಾಳಿ ನಿಂತ ಮೇಲೆ ಬಂದ ಸಾವು

2017ರ ಸೆಪ್ಟೆಂಬರ್ 20ರ ಬೆಳಿಗ್ಗೆ ‘ಮರಿಯಾ’ ಚಂಡಮಾರುತ ಕೆರಿಬಿಯನ್ ಸಮುದ್ರದ ಪೋರ್ಟೊರಿಕೊ ದ್ವೀಪದ ಆಗ್ನೇಯ ಕರಾವಳಿಗೆ ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ ಸುಮಾರು 250 ಕಿಲೋಮೀಟರ್. ಅದೇ ದಿನ ಅದು ದ್ವೀಪವನ್ನು ಅಡ್ಡ ಹಾಯ್ದು ಮತ್ತೆ ಸಮುದ್ರಕ್ಕಿಳಿಯಿತು. ಆದರೆ ಅಂದು ಆರಿದ ದೀಪ ಕೆಲವು ಮನೆಗಳಲ್ಲಿ ಪುನಃ ಬೆಳಗಿದ್ದು 11 ತಿಂಗಳ ನಂತರ!

ಪೋರ್ಟೊರಿಕೊ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತಲೂ ತುಸು ಚಿಕ್ಕದು. 1898ರಲ್ಲಿ ಸ್ಪೇನಿನ ಕೈಯಿಂದ ಅಮೆರಿಕದ ವಶಕ್ಕೆ ಬಂದ ನಾಡು. ಇಲ್ಲಿಯ ಜನರಿಗೆ ಬಿರುಗಾಳಿ ಹೊಸತಲ್ಲ. ‘ಹರಿಕೇನ್’ ಎಂಬ ಶಬ್ದವೇ ಈ ದ್ವೀಪಗಳ ಮೂಲನಿವಾಸಿಗಳಾದ ತೈನೊ ಜನರ ಮಾತಿನಿಂದ ಹುಟ್ಟಿದ್ದು. 1899ರ ಆಗಸ್ಟ್‌ನಲ್ಲಿ ಬೀಸಿದ ‘ಸಾನ್ ಸಿರಿಯಾಕೊ’ ಬಿರುಗಾಳಿಗೆ ಸತ್ತವರು ಮೂರು ಸಾವಿರಕ್ಕೂ ಹೆಚ್ಚು. ಹಳ್ಳಿಗಳು ವಿದ್ಯುತ್ತನ್ನು ಕಾಣದ ಕಾಲವದು. ಜನರನ್ನು ಕೊಂದದ್ದು ನೆರೆಯ ನೀರು. 2017ರಲ್ಲಿ ಸತ್ತವರ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಈ ಸಲ ಸಾವು ಬಂದ ದಾರಿ ಬೇರೆ.

ಮರಿಯಾ ಬರುವ ಮೊದಲೇ ಕತ್ತಲೆಗೆ ಸಿದ್ಧತೆ ನಡೆದಿತ್ತೆಂದರೆ ಅತಿಶಯೋಕ್ತಿಯಲ್ಲ. ದೊಡ್ಡ ವಿದ್ಯುತ್ ಸ್ಥಾವರಗಳಲ್ಲಿ ಹೆಚ್ಚಿನವು ದಕ್ಷಿಣ ತೀರದಲ್ಲಿ. ರಾಜಧಾನಿ ಸಾನ್ ಹುವಾನ್ ಮತ್ತು ಜನಸಂದಣಿ ಉತ್ತರದಲ್ಲಿ. ನಡುವೆ ಕಾಡು ತುಂಬಿದ ಬೆಟ್ಟಸಾಲು. ಅದರ ಮೇಲೆ ಹಾದುಹೋದ ಹೈಟೆನ್ಷನ್ ತಂತಿಗಳೇ ದ್ವೀಪದ ಜೀವನಾಡಿ. 1941ರಲ್ಲಿ ಸ್ಥಾಪನೆಯಾದ ಸರ್ಕಾರಿ ವಿದ್ಯುತ್ ಪ್ರಾಧಿಕಾರ ಸುಮಾರು 900 ಕೋಟಿ ಡಾಲರ್ ಸಾಲ ಹೊತ್ತು, 2017ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತ್ತು. ತಂತಿಗೆ ತಾಗುವ ಮರದ ಕೊಂಬೆ ಕಡಿಯಲೂ ಹಣವಿಲ್ಲದ ಸ್ಥಿತಿ. ಮರಿಯಾಗೆ ಎರಡು ವಾರ ಮೊದಲು ಪಕ್ಕದಲ್ಲಿ ಹಾದುಹೋದ ‘ಇರ್ಮಾ’ವೇ ಸುಮಾರು ಹತ್ತು ಲಕ್ಷ ಗ್ರಾಹಕರ ವಿದ್ಯುತ್ತನ್ನು ಕಿತ್ತುಕೊಂಡಿತ್ತು. ಮರಿಯಾ ಉಳಿದದ್ದನ್ನೂ ಮುಗಿಸಿತು. ಸುಮಾರು 15 ಲಕ್ಷ ಗ್ರಾಹಕರು, ಅಂದರೆ ಇಡೀ ದ್ವೀಪವೇ, ಕತ್ತಲೆಗೆ ಬಿತ್ತು.

ವಿದ್ಯುತ್ತು ಹೋದರೆ ಹೋಗುವುದು ದೀಪವೊಂದೇ ಅಲ್ಲ. ಪಂಪು ನಿಂತರೆ ನಲ್ಲಿ ಒಣಗುತ್ತದೆ. ಫ್ರಿಜ್ ನಿಂತರೆ ಇನ್ಸುಲಿನ್ ಕೆಡುತ್ತದೆ. ಉಸಿರಾಟದ ಯಂತ್ರವನ್ನೇ ನಂಬಿ ಮನೆಯಲ್ಲಿ ಮಲಗಿರುವ ವೃದ್ಧರಿಗೆ ಜನರೇಟರಿನ ಡೀಸೆಲ್ ಇರುವಷ್ಟು ಕಾಲವೇ ಆಯುಷ್ಯ. ಪಕ್ಕದ ಪುಟ್ಟ ದ್ವೀಪ ವಿಯೆಕೆಸ್‌ನ ಆಸ್ಪತ್ರೆ ಹಾಳಾಗಿ, ಡಯಾಲಿಸಿಸ್ ರೋಗಿಗಳು ವಿಮಾನ ಹತ್ತಿ ಮುಖ್ಯ ದ್ವೀಪಕ್ಕೆ ಹೋಗಿಬರಬೇಕಾಯಿತು. ನಾಲ್ಕು ತಿಂಗಳು ಕಳೆದರೂ ನಾಲ್ಕು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ವಿದ್ಯುತ್ತಿರಲಿಲ್ಲ. 2018ರ ಏಪ್ರಿಲ್‌ನಲ್ಲಿ ಮಣ್ಣು ತೋಡುವ ಯಂತ್ರವೊಂದು ತಂತಿಗೆ ತಾಗಿ ಇಡೀ ದ್ವೀಪ ಇನ್ನೊಮ್ಮೆ ಕತ್ತಲಾಯಿತು.

ಸರ್ಕಾರದ ಲೆಕ್ಕದಲ್ಲಿ ಮಾತ್ರ ಸತ್ತವರು 64 ಮಂದಿ! ಮರಣಪತ್ರದಲ್ಲಿ ಬಿರುಗಾಳಿಯ ಹೆಸರಿಲ್ಲದಿದ್ದರೆ ಆ ಸಾವು ಲೆಕ್ಕಕ್ಕೇ ಬರಲಿಲ್ಲ. ಕತ್ತಲಲ್ಲಿ ಉಸಿರುಗಟ್ಟಿ ಸತ್ತವನ ಪತ್ರದಲ್ಲಿರುವುದು ಶ್ವಾಸಕೋಶದ ಕಾಯಿಲೆಯಲ್ಲವೇ? 2018ರ ಜೂನ್‌ನಲ್ಲಿ ಜನರು ಸಾನ್ ಹುವಾನಿನ ಶಾಸನಸಭೆಯ ಮುಂದೆ ಸತ್ತವರ ಚಪ್ಪಲಿ, ಬೂಟುಗಳನ್ನು ಸಾಲಾಗಿ ಇಟ್ಟುಹೋದರು. ನೋಡುನೋಡುತ್ತಿದ್ದಂತೆ ಅವು ನೂರಾರಾದವು. ಆಗಸ್ಟ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಜ್ಞರು ಬೇರೆ ದಾರಿ ಹಿಡಿದರು. ಬಿರುಗಾಳಿ ಬಾರದಿದ್ದರೆ ಆ ಆರು ತಿಂಗಳಲ್ಲಿ ಎಷ್ಟು ಜನ ಸಾಯುತ್ತಿದ್ದರು, ನಿಜಕ್ಕೂ ಸತ್ತವರೆಷ್ಟು ಎಂದು ಹೋಲಿಸಿದರು. ವ್ಯತ್ಯಾಸ 2,975. ಸರ್ಕಾರ ಆ ಸಂಖ್ಯೆಯನ್ನು ಒಪ್ಪಿಕೊಂಡಿತು.

2022ರ ಸೆಪ್ಟೆಂಬರ್‌ನಲ್ಲಿ ಬಂದ ‘ಫಿಯೊನಾ’ ಮೊದಲ ದರ್ಜೆಯ, ಅಂದರೆ ಸಾಧಾರಣ ಬಲದ ಚಂಡಮಾರುತ. ಅಷ್ಟಕ್ಕೇ ದ್ವೀಪ ಮತ್ತೆ ಪೂರ್ತಿ ಕತ್ತಲಾಯಿತು. ಬೆಟ್ಟದೂರು ಅಡ್ಹುಂತಾಸ್‌ನಲ್ಲಿ ‘ಕಾಸಾ ಪ್ವೆಬ್ಲೊ’ ಎಂಬ ಜನಸಂಘಟನೆಯ ಮನೆಯಲ್ಲಿ ಮಾತ್ರ, ಮರಿಯಾ ಬಂದಾಗಿನಂತೆಯೇ, ದೀಪ ಉರಿಯುತ್ತಿತ್ತು. 1999ರಿಂದಲೇ ಅದರ ಛಾವಣಿಯ ಮೇಲೆ ಸೌರಫಲಕಗಳಿದ್ದವು. 2017ರಲ್ಲಿ ಊರಿನವರು ತಮ್ಮ ಉಸಿರಾಟದ ಯಂತ್ರಗಳನ್ನು ಹೊತ್ತು ಬಂದದ್ದು ಆ ಮನೆಗೇ. 2023ರಲ್ಲಿ ಅದೇ ಊರಿನ ಪೇಟೆಯ ಹನ್ನೆರಡಕ್ಕೂ ಹೆಚ್ಚು ಅಂಗಡಿಗಳನ್ನು ಒಂದೇ ಸೌರಜಾಲಕ್ಕೆ ಸೇರಿಸಲಾಯಿತು.