ಅಮೆರಿಕದ ಉದ್ದ ಕೋವಿ: ಹವ್ಯಾಸಿ ಕೈಕೆಲಸದ ಬೆಳವಣಿಗೆ

ಬಾಯಿಯ ಕಡೆಯಿಂದ ಮದ್ದು, ಗುಂಡು ತುಂಬಿ ಗಜದಿಂದ ಜಡಿಯುವ ಕೋವಿಯನ್ನು ಬಿಡುವಿನ ವೇಳೆಯಲ್ಲಿ ಸ್ವಂತ ಕೈಯಿಂದ ಮಾಡಿಕೊಳ್ಳುವ ಹವ್ಯಾಸ ಗಟ್ಟಿಯಾಗಿ ಬೇರೂರಿರುವುದು ಅಮೆರಿಕದಲ್ಲಿ. ಅದಕ್ಕೆ ಮಾದರಿ 18ನೇ ಶತಮಾನದ ಪೆನ್ಸಿಲ್ವೇನಿಯಾದ ಉದ್ದ ನಳಿಗೆಯ ರೈಫಲ್. ಕೆಂಟಕಿ ರೈಫಲ್ ಎಂದು ಜನಪ್ರಿಯವಾದದ್ದೂ ಇದೇ.

ಜರ್ಮನ್ ಮಾತನಾಡುವ ನಾಡುಗಳಿಂದ ವಲಸೆ ಬಂದ ಕಸುಬುದಾರರು ತಮ್ಮೊಡನೆ ತಂದದ್ದು ಯೇಗರ್ ಎಂಬ ಬೇಟೆ ಕೋವಿ. ಅದರ ನಳಿಗೆ ಗಿಡ್ಡ, ಗುಂಡು ದಪ್ಪ. ಮದ್ದು, ಸೀಸ ಎರಡೂ ದುಬಾರಿಯಾಗಿದ್ದ ಹೊಸ ನಾಡಿನ ಕಾಡಿನಲ್ಲಿ ಇದು ನಿಧಾನವಾಗಿ ರೂಪ ಬದಲಿಸಿತು. ಗುಂಡಿನ ಅಳತೆ ಅರ್ಧ ಅಂಗುಲದ ಆಸುಪಾಸಿಗೆ ಇಳಿಯಿತು, ನಳಿಗೆ 42ರಿಂದ 46 ಅಂಗುಲದವರೆಗೆ ಬೆಳೆಯಿತು. ಆಕ್ರೋಟು ಮರದ ಜಾಗಕ್ಕೆ ಅಲೆಯಲೆಯಾದ ಪಟ್ಟೆಗಳಿರುವ ಮೇಪಲ್ ಬಂತು. ಗುಂಡಿಗೆ ಸುತ್ತುವ ಜಿಡ್ಡು ಸವರಿದ ಬಟ್ಟೆಯ ಚೂರುಗಳನ್ನು ಇಟ್ಟುಕೊಳ್ಳಲು ಹಿಂಬದಿಯ ಮರದಲ್ಲಿ ಹಿತ್ತಾಳೆ ಮುಚ್ಚಳದ ಗೂಡು ಕೊರೆಯಲಾಯಿತು. ಲ್ಯಾಂಕಾಸ್ಟರ್, ರೆಡಿಂಗ್, ಲೀಹೈ, ಮೊರೇವಿಯನ್ ಪಂಥದವರ ಕ್ರಿಶ್ಚಿಯನ್ಸ್ ಸ್ಪ್ರಿಂಗ್, ಹೀಗೆ ಊರಿಗೊಂದು ಶೈಲಿ ಬೆಳೆಯಿತು. ಆ ಮುಚ್ಚಳದ ಕೆತ್ತನೆ, ಹಿಂಬದಿಯ ಬಾಗು ನೋಡಿಯೇ ತಿಳಿದವರು ಕೋವಿ ಯಾವ ಕಡೆಯದೆಂದು ಹೇಳುತ್ತಾರೆ.

ನಳಿಗೆಯೇ ಈ ಕಸುಬಿನ ಅತಿ ಶ್ರಮದ ಭಾಗ. ಚಪ್ಪಟೆ ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ಸರಳಿನ ಸುತ್ತ ಮಡಿಸಿ, ಅಂಚುಗಳನ್ನು ಕೂಡಿಸಿ, ಸ್ವಲ್ಪಸ್ವಲ್ಪವಾಗಿ ಬಡಿದು ಬೆಸೆಯಬೇಕಿತ್ತು. ಆಮೇಲೆ ಒಳಗನ್ನು ಕೊರೆದು, ನಳಿಗೆಯೊಳಗೆ ದಾರ ಬಿಗಿದು ನೋಡಿ ಡೊಂಕು ತಿದ್ದಿ, ಹೊರಮೈಗೆ ಎಂಟು ಮುಖ ತರುತ್ತಿದ್ದರು. ಗುಂಡಿಗೆ ತಿರುಗು ಕೊಡುವ ಸುರುಳಿ ಗೀರುಗಳನ್ನು ಎಳೆಯಲು ಬಳಸುತ್ತಿದ್ದುದು ಮೈತುಂಬ ಸುರುಳಿ ಕೊರೆದ ಒಂದು ಮರದ ದಿಂಡು. ದಿಂಡನ್ನು ಹಿಂದೆಮುಂದೆ ಎಳೆದಂತೆ ಅದು ತಾನೇ ತಿರುಗುತ್ತದೆ, ಅದಕ್ಕೆ ಜೋಡಿಸಿದ ಸರಳಿನ ತುದಿಯ ಪುಟ್ಟ ಉಕ್ಕಿನ ಅಲಗು ನಳಿಗೆಯ ಒಳಮೈಯನ್ನು ಹೆರೆಯುತ್ತದೆ. ಅಲಗು ಕಚ್ಚದಾದಾಗ ಅದರಡಿ ಕಾಗದದ ಚೂರೊಂದನ್ನು ತುರುಕಿ ಕೂದಲೆಳೆಯಷ್ಟು ಎತ್ತರಿಸಿ ಮತ್ತೆ ಎಳೆಯುವುದು. ಒಂದು ಗೀರು ಮುಗಿದ ಮೇಲೆ ಇನ್ನೊಂದು. ಇಂಥ ಗೀರುಗಳು ಹೆಚ್ಚಾಗಿ ಏಳು.

ಆದರೆ ಇದೆಲ್ಲವನ್ನೂ ಒಬ್ಬನೇ ಮಾಡುತ್ತಿದ್ದ ಎಂಬ ಕಲ್ಪನೆ ಅಷ್ಟು ಸರಿಯಲ್ಲ. ಚಕಮಕಿ ಕಲ್ಲಿನ ಲಾಕನ್ನು, ಅಂದರೆ ಕುದುರೆ, ಕಿಡಿತಟ್ಟೆ, ಸ್ಪ್ರಿಂಗುಗಳೆಲ್ಲ ಕೂಡಿದ ಯಂತ್ರಭಾಗವನ್ನು, ಅನೇಕರು ಇಂಗ್ಲೆಂಡಿನಿಂದಲೋ ಜರ್ಮನಿಯಿಂದಲೋ ತರಿಸಿಕೊಳ್ಳುತ್ತಿದ್ದರು. ನಳಿಗೆಯನ್ನೇ ಮಾಡುವ ಪ್ರತ್ಯೇಕ ಕಾರ್ಖಾನೆಗಳು ಹಳ್ಳದ ನೀರಿನ ಬಲದಿಂದ ನಡೆಯುತ್ತಿದ್ದವು. ಕಬ್ಬಿಣದ ಮುದ್ದೆಯಿಂದ ಹಿಡಿದು ಕೊನೆಯ ತಿರುಪಿನವರೆಗೆ ಎಲ್ಲವೂ ಒಂದೇ ಕೈಯಿಂದ ಆಗಬೇಕೆಂಬ ಹಟ ಬಹುಮಟ್ಟಿಗೆ 20ನೇ ಶತಮಾನದ್ದು.

1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಬಡಿತಕ್ಕೆ ಸಿಡಿಯುವ ಮದ್ದಿನ ಬಳಕೆಗೆ ಪೇಟೆಂಟ್ ಪಡೆದ. ಕೆಲವೇ ದಶಕಗಳಲ್ಲಿ ಚಕಮಕಿಯ ಜಾಗಕ್ಕೆ ತಾಮ್ರದ ಕೇಪು ಬಂತು. ಪಶ್ಚಿಮದ ಬಯಲುಗಳಿಗೆ ಹೊರಟವರಿಗಾಗಿ ಸೇಂಟ್ ಲೂಯಿಸಿನ ಹಾಕೆನ್ ಸಹೋದರರು ಗಿಡ್ಡ, ದಪ್ಪ ನಳಿಗೆಯ ಕೋವಿ ಮಾಡಿದರು. ಅಂತರ್ಯುದ್ಧದ ನಂತರ ತೋಟಾ ಕೋವಿಗಳು ಕಾರ್ಖಾನೆಗಳಿಂದ ಅಗ್ಗವಾಗಿ ಹೊರಬಂದಾಗ ಹಳೆಯ ಕಸುಬಿಗೆ ಗಿರಾಕಿ ಉಳಿಯಲಿಲ್ಲ. ಅಪಲೇಷಿಯನ್ ಬೆಟ್ಟಸೀಮೆಯ ಬಡವರಲ್ಲಿ ಮಾತ್ರ ಅದು ಕುಟುಕುಜೀವ ಹಿಡಿದುಕೊಂಡಿತ್ತು. ಟೆನೆಸಿಯ ಹ್ಯಾಕರ್ ಮಾರ್ಟಿನ್ 20ನೇ ಶತಮಾನದ ನಡುವಿನಲ್ಲೂ ಹಳೆಯ ಕ್ರಮದಲ್ಲೇ ಕೋವಿ ಮಾಡುತ್ತಿದ್ದ.

ಪುನರುಜ್ಜೀವನ ಶುರುವಾದದ್ದು ಕಮ್ಮಾರರಿಂದಲ್ಲ, ಓದುಗರಿಂದ ಮತ್ತು ಗುರಿಕಾರರಿಂದ. ಜಾನ್ ಡಿಲಿನ್ ಬರೆದ ‘ದಿ ಕೆಂಟಕಿ ರೈಫಲ್’ 1924ರಲ್ಲಿ ಬಂತು. ಹಳೆಯ ಕೋವಿಗಳಿಂದ ಗುರಿ ಹೊಡೆಯುವ ಪಂದ್ಯಗಳ ಬೆನ್ನಿಗೆ 1933ರಲ್ಲಿ ರಾಷ್ಟ್ರೀಯ ಮಜಲ್‌ಲೋಡಿಂಗ್ ರೈಫಲ್ ಸಂಘ ಹುಟ್ಟಿತು. ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರು ಮುಂದೆ ಅದರ ನೆಲೆಯಾಯಿತು. ಪಂದ್ಯಕ್ಕೆ ಒಳ್ಳೆಯ ಕೋವಿ ಬೇಕು, ಹಳೆಯವು ಸವೆದಿವೆ. ಹಾಗಾಗಿ ರಿಪೇರಿಯಿಂದ ಆರಂಭವಾದ ಕೆಲಸ ಹೊಸದನ್ನು ಮಾಡುವುದಕ್ಕೆ ಹೊರಳಿತು. 1954ರಲ್ಲಿ ಟರ್ನರ್ ಕರ್ಕ್‌ಲ್ಯಾಂಡ್ ಸ್ಥಾಪಿಸಿದ ಡಿಕ್ಸಿ ಗನ್ ವರ್ಕ್ಸ್ ಅಂಚೆಯಲ್ಲಿ ಬಿಡಿಭಾಗ ಕಳಿಸತೊಡಗಿದ ಮೇಲೆ ಕುಲುಮೆಯಿಲ್ಲದವರಿಗೂ ಇದು ಕೈಗೆಟುಕಿತು. ಜೋ ಕಿಂಡಿಗ್ 1960ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥ ಹಳೆಯ ಕುಸುರಿಯ ಚಿತ್ರಗಳನ್ನು ಮುಂದಿಟ್ಟಿತು. ಅದರ ನಂತರ, ಸುಡುವ ಕೋವಿ ಇದ್ದರೆ ಸಾಕು ಎನ್ನುತ್ತಿದ್ದವರಿಗೂ ಚಂದದ ಚಿಂತೆ ಹತ್ತಿತು.

ವರ್ಜೀನಿಯಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಬಯಲು ವಸ್ತುಸಂಗ್ರಹಾಲಯದಲ್ಲಿ ವಾಲೆಸ್ ಗಸ್ಲರ್ 1960ರ ದಶಕದಲ್ಲಿ ನಳಿಗೆ, ಲಾಕು, ಮರ ಮೂರನ್ನೂ 18ನೇ ಶತಮಾನದ ಹತಾರಗಳಿಂದಲೇ ಮಾಡಿ ತೋರಿಸಿದರು. ಆ ಕೆಲಸದ ಸಾಕ್ಷ್ಯಚಿತ್ರ ‘ಗನ್‌ಸ್ಮಿತ್ ಆಫ್ ವಿಲಿಯಮ್ಸ್‌ಬರ್ಗ್’ ಇಂದಿಗೂ ಕಲಿಯುವವರಿಗೆ ಮೊದಲ ಪಾಠ. ಅಪಲೇಷಿಯದ ಬದುಕನ್ನು ದಾಖಲಿಸಿದ ಫಾಕ್ಸ್‌ಫೈರ್ ಮಾಲಿಕೆಯ 5ನೇ ಸಂಪುಟ (1979) ಕುಲುಮೆ ಕೆಲಸ, ಚಕಮಕಿ ಕೋವಿಗಳಿಗೆ ಬಹುಪಾಲು ಪುಟ ಮೀಸಲಿಟ್ಟಿತು. ಕಾನೂನೂ ಅಡ್ಡ ಬರಲಿಲ್ಲ. 1968ರ ಕೇಂದ್ರ ಕಾಯ್ದೆ ಇಂಥ ಪ್ರತಿಕೃತಿಗಳನ್ನು ಪುರಾತನ ಆಯುಧಗಳ ಪಟ್ಟಿಗೆ ಸೇರಿಸಿ ಬಹುತೇಕ ನಿರ್ಬಂಧಗಳಿಂದ ಹೊರಗಿಟ್ಟಿತು. ರಾಜ್ಯಗಳ ನಿಯಮ ಬೇರೆಬೇರೆ. ಪೆನ್ಸಿಲ್ವೇನಿಯಾ 1974ರಿಂದ ಚಕಮಕಿ ಕೋವಿಗೆಂದೇ ಜಿಂಕೆ ಬೇಟೆಯ ಋತುವನ್ನು ತೆರೆಯಿತು.

ಹವ್ಯಾಸಿಯ ಪಾಲಿಗೆ ಉಳಿದ ಕೆಲಸ ಬಹುಮಟ್ಟಿಗೆ ಮರದ್ದು. ನಳಿಗೆ, ಲಾಕು ಕೊಂಡು ತಂದದ್ದಾದರೂ ಮರದಲ್ಲಿ ಅವುಗಳನ್ನು ಕೂರಿಸುವುದು ಸುಲಭವಲ್ಲ. ಲೋಹದ ಭಾಗಕ್ಕೆ ದೀಪದ ಕಾಡಿಗೆ ಬಳಿದು ಮರಕ್ಕೆ ಒತ್ತುತ್ತಾರೆ. ಕಪ್ಪು ತಗುಲಿದ ಕಡೆಯಷ್ಟೇ ಉಳಿಯಿಂದ ಕೆರೆಯುತ್ತಾರೆ. ಮತ್ತೆ ಬಳಿದು, ಮತ್ತೆ ಒತ್ತಿ, ಸಂದಿಲ್ಲದಂತೆ ಕೂರುವವರೆಗೆ ಇದೇ ಸರದಿ. ಆತುರಕ್ಕೆ ಒಮ್ಮೆ ಉಳಿ ಆಳಕ್ಕೆ ಹೋದರೆ ಅದನ್ನು ಮುಚ್ಚಲು ತೇಪೆಯೇ ಗತಿ. ಬಣ್ಣಕ್ಕೆ ಕಬ್ಬಿಣ ಕರಗಿಸಿದ ನೈಟ್ರಿಕ್ ಆಮ್ಲ ಸವರಿ ಬಿಸಿ ತಾಗಿಸಿದರೆ, ಬಿಳಿಚಿಕೊಂಡಿದ್ದ ಮೇಪಲ್ಲಿನ ಪಟ್ಟೆಗಳು ಕೆಂಗಂದು ಬಣ್ಣದಲ್ಲಿ ಎದ್ದು ಬರುತ್ತವೆ.

1980ರ ದಶಕದಿಂದ ಕೆಂಟಕಿಯ ಬೌಲಿಂಗ್ ಗ್ರೀನ್‌ನಲ್ಲಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಬೇಸಿಗೆ ತರಗತಿಗಳು ನಡೆದವು. 1996ರಲ್ಲಿ ಹುಟ್ಟಿದ ಸಮಕಾಲೀನ ಉದ್ದ ಕೋವಿ ಸಂಘ ಹೊಸ ಕೋವಿಯನ್ನು ಕಲಾಕೃತಿಯೆಂದೇ ಮುಂದಿಟ್ಟಿತು. ಇತ್ತೀಚೆಗೆ ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಮರವನ್ನು ಎಷ್ಟು ಕರಾರುವಾಕ್ಕಾಗಿ ಕೊರೆದು ಕೊಡುತ್ತವೆಂದರೆ ಕೊಂಡವನಿಗೆ ಉಳಿಯುವುದು ಜೋಡಿಸಿ, ಉಜ್ಜಿ, ಬಣ್ಣ ಹಚ್ಚುವ ಕೆಲಸ. ಅದನ್ನು ಕೈಕೆಲಸವೆನ್ನಬಹುದೇ ಎಂಬ ಜಗಳ ಬಿಸಿಯಾಗಿಯೇ ಇದೆ. ಲಾಕನ್ನು ಹಡಗಿನಲ್ಲಿ ತರಿಸಿಕೊಂಡ ಲ್ಯಾಂಕಾಸ್ಟರಿನ ಕಸುಬುದಾರರಿಗೆ ಈ ಜಗಳ ಅರ್ಥವಾಗುತ್ತಿತ್ತೋ ಇಲ್ಲವೋ.

ಭಾರತದಲ್ಲಿ ಈ ಹವ್ಯಾಸಕ್ಕೆ ಎಡೆಯಿಲ್ಲ. ಕಸುಬು ಮಾತ್ರ ಇಲ್ಲಿಯೂ ಇತ್ತು; ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಟಿಪ್ಪು ಮಾಡಿಸಿದ, ಹುಲಿಯ ರೂಪಗಳಿಂದ ಅಲಂಕರಿಸಿದ ಚಕಮಕಿ ಕೋವಿಗಳು ಅದಕ್ಕೆ ಸಾಕ್ಷಿ. ಮಲೆನಾಡಿನ ಮನೆಗಳಲ್ಲಿ ಕೇಪಿನ ಕೋವಿ ಇತ್ತೀಚಿನವರೆಗೂ ಪರಿಚಿತ ವಸ್ತು. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಬಂದೂಕು ತಯಾರಿಸುವುದು ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು, ತಯಾರಿಕೆಗಲ್ಲ.