ಕೊಲಂಬೊ ಪಶ್ಚಿಮ ಟರ್ಮಿನಲ್: ಭಾರತೀಯ ಕಂಪನಿಯ ಪಾಲೆಷ್ಟು? ಒಪ್ಪಂದ ಏನು ಹೇಳುತ್ತದೆ?

ವಿದೇಶದಲ್ಲಿ ಬಂದರು ಕಟ್ಟಲು ಹಣವೊಂದಿದ್ದರೆ ಸಾಲದು, ಅಲ್ಲಿನವರ ಒಪ್ಪಿಗೆಯೂ ಬೇಕು. ಶ್ರೀಲಂಕಾದ ಕೊಲಂಬೊ ಬಂದರು ಇದಕ್ಕೆ ಒಳ್ಳೆಯ ಉದಾಹರಣೆ. ಭಾರತದ ಸಾಕಷ್ಟು ಸರಕು ಇಲ್ಲಿಯೇ ಹಡಗು ಬದಲಿಸುತ್ತದೆ.

ಮೊದಲ ಯತ್ನ ವಿಫಲ
ಬಂದರಿನ ಪೂರ್ವ ಟರ್ಮಿನಲ್ ಅಭಿವೃದ್ಧಿಗೆ ಭಾರತ, ಜಪಾನ್ ಮತ್ತು ಶ್ರೀಲಂಕಾ 2019ರಲ್ಲಿ ಕೈಜೋಡಿಸಿದ್ದವು. ಶೇ. 51ರಷ್ಟು ಪಾಲು ಶ್ರೀಲಂಕಾದ್ದೇ ಆಗಬೇಕಿತ್ತು. ಆದರೆ ಆ ಟರ್ಮಿನಲ್‌ನ ಒಂದು ಭಾಗ ಆಗಲೇ ಸಿದ್ಧವಾಗಿತ್ತು. ದೇಶದ ಆಸ್ತಿಯನ್ನು ಹೊರಗಿನವರಿಗೆ ಕೊಡಬಾರದು ಎಂದು ಬಂದರು ಕಾರ್ಮಿಕ ಸಂಘಟನೆಗಳು ಪಟ್ಟು ಹಿಡಿದವು. 2021ರ ಫೆಬ್ರುವರಿಯಲ್ಲಿ ಸರ್ಕಾರ ಹಿಂದೆ ಸರಿದು, ಹೊಸದಾಗಿ ಕಟ್ಟಬೇಕಿದ್ದ ಪಶ್ಚಿಮ ಟರ್ಮಿನಲ್ ಅನ್ನು ಮುಂದಿಟ್ಟಿತು.

ಯಾರ ಪಾಲು ಎಷ್ಟು?
2021ರ ಸೆಪ್ಟೆಂಬರ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಅದಾನಿ ಸಮೂಹಕ್ಕೆ ಶೇ. 51, ಶ್ರೀಲಂಕಾದ ಖಾಸಗಿ ಕಂಪನಿ ಜಾನ್ ಕೀಲ್ಸ್‌ಗೆ ಶೇ. 34, ಸರ್ಕಾರಿ ಬಂದರು ಪ್ರಾಧಿಕಾರಕ್ಕೆ ಶೇ. 15ರಷ್ಟು ಪಾಲು. ಟರ್ಮಿನಲ್ ಕಟ್ಟಿ, ನಡೆಸಿ, 35 ವರ್ಷಗಳ ಅವಧಿ ಮುಗಿದ ಬಳಿಕ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ಇದನ್ನೇ ಬಿಒಟಿ ಪದ್ಧತಿ ಎನ್ನುತ್ತಾರೆ.

ಸಾಲ ಬೇಡವೆಂದ ಕಂಪನಿ
ಯೋಜನೆಗೆ 55.3 ಕೋಟಿ ಡಾಲರ್ ಸಾಲ ಕೊಡುವುದಾಗಿ ಅಮೆರಿಕದ ಸರ್ಕಾರಿ ಹಣಕಾಸು ಸಂಸ್ಥೆ ಡಿಎಫ್‌ಸಿ 2023ರಲ್ಲಿ ಪ್ರಕಟಿಸಿತ್ತು. 2024ರ ಡಿಸೆಂಬರ್‌ನಲ್ಲಿ ಅದಾನಿ ಸಮೂಹ ಸಾಲದ ಕೋರಿಕೆಯನ್ನು ಹಿಂಪಡೆದು, ಸ್ವಂತ ಸಂಪನ್ಮೂಲದಿಂದಲೇ ಮುಂದುವರಿಯುವುದಾಗಿ ಹೇಳಿತು. 2025ರ ಏಪ್ರಿಲ್‌ನಲ್ಲಿ ಟರ್ಮಿನಲ್ ಕಾರ್ಯಾರಂಭ ಮಾಡಿತು.

ವಿದೇಶಿ ಕಂಪನಿಗೆ ಕಡಿಮೆ ಪಾಲಿದ್ದ ಯೋಜನೆ ಬಿದ್ದುಹೋಯಿತು; ಹೆಚ್ಚು ಪಾಲಿದ್ದದ್ದು ಎದ್ದು ನಿಂತಿತು. ಶೇಕಡಾವಾರು ಲೆಕ್ಕವೊಂದೇ ಸಹಭಾಗಿತ್ವದ ಹಣೆಬರಹ ಬರೆಯುವುದಿಲ್ಲ.