ಶಿಲೆಯ ನಾದ, ಉದರದ ಬಿಂಬ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಉಳಿಯನ್ನೇ ನಂಬಿ ಬಾಳುವ ಮನೆತನಗಳು ಇಂದಿಗೂ ಇವೆ. ಮೂರ್ತಿಗೆ ಶಿಲೆಯನ್ನು ಆರಿಸುವಾಗ ಅದನ್ನು ತಟ್ಟಿ ನೋಡಬೇಕೆಂದೂ, ಘಂಟಾನಾದವಿದ್ದರೆ ಪುರುಷಶಿಲೆಯೆಂದು ಗ್ರಹಿಸಿ, ನಾದಹೀನವಾದುದನ್ನು ನಪುಂಸಕವೆಂದು ತ್ಯಜಿಸಬೇಕೆಂದೂ ಶಿಲ್ಪಶಾಸ್ತ್ರ ವಿಧಿಸುತ್ತದೆ. ಮನುಷ್ಯನ ಉದರವನ್ನು ವೈದ್ಯರೂ ಬಹುಕಾಲ ಹೀಗೆಯೇ ತಟ್ಟಿ ತಿಳಿಯುತ್ತಿದ್ದರು. ಎದೆಯನ್ನು ಬೆರಳಿನಿಂದ ತಟ್ಟಿ ಪರೀಕ್ಷಿಸುವ ಕ್ರಮವನ್ನು ವಿಯೆನ್ನಾದ ಆವೆನ್‌ಬ್ರುಗ್ಗರ್ ಪ್ರಕಟಿಸಿದ್ದು 1761ರಲ್ಲಿ. ಮುಂದೆ ಅದು ಹೊಟ್ಟೆಗೂ ಇಳಿಯಿತು. ನೀರು ತುಂಬಿರುವುದೂ ಯಕೃತ್ತು ಹಿಗ್ಗಿರುವುದೂ ಅದರಿಂದ ತಿಳಿಯುತ್ತಿದ್ದವಾದರೂ, ಅರ್ಬುದವು ಎಲ್ಲಿಯವರೆಗೆ ಹಬ್ಬಿದೆಯೆಂಬುದನ್ನು ಅರಿಯಲು ಕೊಯ್ದೇ ನೋಡಬೇಕಾಗಿತ್ತು. ಎಷ್ಟೋ ವೇಳೆ ಕೊಯ್ದು, ಮಾಡಲು ಏನೂ ಉಳಿದಿಲ್ಲವೆಂದು ಕಂಡು, ಹಾಗೆಯೇ ಹೊಲಿದುಬಿಡುವುದಾಗುತ್ತಿತ್ತು.

ರಂಟ್‌ಗೆನ್ 1895ರಲ್ಲಿ ಕಂಡುಕೊಂಡ ಕ್ಷ-ಕಿರಣ ಎಲುಬುಗಳನ್ನು ನಿಚ್ಚಳವಾಗಿ ತೋರಿತು. ಮೃದುವಾದ ಅವಯವಗಳ ಮಟ್ಟಿಗೆ ಬೇರಿಯಂ ಕುಡಿಸಿ ಜಠರದ ನೆರಳನ್ನು ಹಿಡಿದುದೇ ಅದರ ದೊಡ್ಡ ಸಾಧನೆ. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದುದು ಗ್ಲಾಸ್ಗೋದ ಪ್ರಸೂತಿತಜ್ಞ ಇಯನ್ ಡೊನಾಲ್ಡ್‌ನ ಪ್ರಕರಣ. 1955ರ ಜುಲೈಯಲ್ಲಿ ಆತನು ಶಸ್ತ್ರಕ್ರಿಯೆಯಲ್ಲಿ ತೆಗೆದ ಗೆಡ್ಡೆಗಳನ್ನು ಕಾರಿನಲ್ಲಿ ಹೇರಿಕೊಂಡು, ಬಾಯ್ಲರು ತಯಾರಿಸುವ ಕಾರ್ಖಾನೆಯೊಂದಕ್ಕೆ ಹೋಗಿ, ಲೋಹದೊಳಗಿನ ಬಿರುಕನ್ನು ಪ್ರತಿಧ್ವನಿಯಿಂದ ಪತ್ತೆಹಚ್ಚುವ ಯಂತ್ರಕ್ಕೆ ಅವನ್ನು ಒಡ್ಡಿದನು. ಹೋಲಿಕೆಗೆಂದು ಒಂದು ಮಾಂಸದ ತುಂಡನ್ನೂ ಇರಿಸಿದ್ದರಂತೆ! ಶಿವಾರಪಟ್ಟಣದ ಶಿಲ್ಪಿಗೆ ಈ ಯುಕ್ತಿ ಅಪರಿಚಿತವೆನಿಸದು. ಅನಂತರ, ಶಸ್ತ್ರಕ್ರಿಯೆಗೆ ಮೀರಿದ ಜಠರದ ಅರ್ಬುದವೆಂದು ವೈದ್ಯರು ಕೈಬಿಟ್ಟಿದ್ದ ಹೆಂಗಸೊಬ್ಬಳ ಹೊಟ್ಟೆಯಲ್ಲಿ ಇದೇ ಪ್ರತಿಧ್ವನಿಯ ತಂತ್ರವಾದ ಅಲ್ಟ್ರಾಸೌಂಡು ತೋರಿದ್ದು ಅಂಡಾಶಯದ ದೊಡ್ಡದೊಂದು ನೀರುಗಂಟನ್ನು. ಅದನ್ನು ತೆಗೆದುಹಾಕಲು ಆಕೆ ಬದುಕಿಕೊಂಡಳು. ಈ ಸಂಶೋಧನೆಯ ಲೇಖನ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತು.

1971ರಲ್ಲಿ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರವು ಮೊದಲಿಗೆ ಮಿದುಳನ್ನು ಪದರಪದರವಾಗಿ ತೋರಿ, ಕೆಲವೇ ವರ್ಷಗಳಲ್ಲಿ ಇಡೀ ದೇಹಕ್ಕೆ ವಿಸ್ತರಿಸಿತು. ಯಕೃತ್ತಿಗೂ ದುಗ್ಧಗ್ರಂಥಿಗಳಿಗೂ ಹರಡಿದ ರೋಗ ಕೊಯ್ಯದೆಯೇ ಕಾಣುವಂತಾಯಿತು. ನಮ್ಮಲ್ಲಿ ಅರ್ಬುದಕ್ಕೆಂದೇ ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾಗಿ, 1980ರಲ್ಲಿ ಪ್ರಾದೇಶಿಕ ಕೇಂದ್ರವೆನಿಸಿತು. 1986ರಲ್ಲಿ ಕೋಲಾರದ ಬಳಿಯ ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ಅದರ ಜಾಲಪ್ಪ ಆಸ್ಪತ್ರೆ ಶಿವಾರಪಟ್ಟಣದವರಿಗೆ ಬೆಂಗಳೂರಿಗಿಂತ ಸಮೀಪದ್ದು.

ಆದರೂ ಉದರವನ್ನು ಒಳಗಿನಿಂದ ಹೊದೆದಿರುವ ತೆಳುಪೊರೆಯ ಮೇಲೆ ರವೆಯಷ್ಟು ಸಣ್ಣದಾಗಿ ಚೆಲ್ಲಿರುವ ಅರ್ಬುದಕಣಗಳು ಸಿ.ಟಿ.ಯ ಕಣ್ಣನ್ನೂ ತಪ್ಪಿಸುವುದುಂಟು. ಆದಕಾರಣ ಮುಂದುವರಿದ ಜಠರಾರ್ಬುದಕ್ಕೆ ದೊಡ್ಡ ಶಸ್ತ್ರಕ್ರಿಯೆ ಮಾಡುವ ಮುನ್ನ, ಕಿರಿದಾದ ರಂಧ್ರದಿಂದ ದರ್ಶಕನಳಿಕೆಯನ್ನು ಇಳಿಸಿ ಆ ಪೊರೆಯನ್ನು ಕಣ್ಣಾರೆ ನೋಡುವ ಪದ್ಧತಿಯನ್ನು ವೈದ್ಯರು ಇಂದಿಗೂ ಉಳಿಸಿಕೊಂಡಿದ್ದಾರೆ.